ಇರುವೆಗೆ ಆಪರೇಷನ್, ಕಪ್ಪೆ ಮೈಮೇಲೆ ಅಣಬೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ವಾಟ್ಸಾಪ್‌ನಲ್ಲಿ ಓಡಾಡುತ್ತಿರುವ ವಿಜ್ಞಾನದ ಸುದ್ದಿಗಳ ಬಗ್ಗೆಯೇ ಇವೆ. ‘ಇದು ನಿಜಾನಾ, ಸುಳ್ಳಾ?’ ಅಂತ ಎಲ್ಲರೂ ಕೇಳಿದ್ದೀರಿ. ಅದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಟ್ಟು ಮುಗಿಸಬಹುದು. ಆದರೆ ನನಗೆ ರುಚಿ ಇರುವುದು ಬೇರೆ ಕಡೆ. ಅವರಿಗೆ ಅದು ಹೇಗೆ ಗೊತ್ತಾಯ್ತು ಅನ್ನುವ ಕಥೆ ಇದೆಯಲ್ಲ, ಎಷ್ಟೋ ಸಲ ಅದು ಸುದ್ದಿಗಿಂತ ಮಜವಾಗಿರುತ್ತದೆ. ಹಾಗಾಗಿ ಕೆಲವು ಉತ್ತರಗಳು ಉದ್ದವಾಗಿವೆ, ಸಹಿಸಿಕೊಳ್ಳಿ.

ಪ್ರಶ್ನೆ: ಗಾಯಗೊಂಡ ಇರುವೆಯ ಕಾಲನ್ನು ಬೇರೆ ಇರುವೆಗಳು ಕತ್ತರಿಸಿ ಜೀವ ಉಳಿಸುತ್ತವಂತೆ. ಕ್ಲಾಸಿನಲ್ಲಿ ಹೇಳಿದರೆ ಎಲ್ಲರೂ ನಕ್ಕರು. ನಿಜವಾ ಸಾರ್?
— ಹೈಸ್ಕೂಲ್ ವಿದ್ಯಾರ್ಥಿ, ಅರಸೀಕೆರೆ

ಉತ್ತರ: ನಿಜ. ನಕ್ಕವರಿಗೆ ಈ ಪುಟ ತೋರಿಸಿ.

ಆದರೆ ಎಲ್ಲ ಇರುವೆಗಳೂ ಹೀಗೆ ಮಾಡುವುದಿಲ್ಲ. ಇದು ಅಮೆರಿಕದ ಫ್ಲಾರಿಡಾದಲ್ಲಿ ಕೊಳೆತ ಮರದೊಳಗೆ ಗೂಡು ಮಾಡಿಕೊಂಡಿರುವ ಒಂದು ಜಾತಿ. ಕೆಂಪು ಕಂದು ಬಣ್ಣ, ಒಂದೂವರೆ ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ನಮ್ಮ ಕಡೆ ಗೋಡೆ ಮೇಲೆ, ಮಾವಿನ ಮರದ ಮೇಲೆ ಓಡಾಡುವ ಕರಿ ಗೊದ್ದ ಇದೆಯಲ್ಲ, ಅದೂ ಇದೂ ಒಂದೇ ಕುಲ. ಎರಡಕ್ಕೂ ಕ್ಯಾಂಪೊನೋಟಸ್ ಅಂತಲೇ ಹೆಸರು. ಜರ್ಮನಿಯ ವುರ್ಜ್‌ಬರ್ಗ್ ವಿಶ್ವವಿದ್ಯಾಲಯದ ಎರಿಕ್ ಫ್ರಾಂಕ್ ಮತ್ತು ಜೊತೆಗಾರರು ಇದನ್ನು 2024ರ ಜುಲೈನಲ್ಲಿ ಪ್ರಕಟಿಸಿದರು.

ಈ ಇರುವೆಗಳಿಗೆ ಪಕ್ಕದ ಗೂಡಿನವರ ಜೊತೆ ಜಗಳ ತಪ್ಪಿದ್ದಲ್ಲ. ಜಗಳದಲ್ಲಿ ಕಾಲಿಗೆ ಗಾಯವಾಗುತ್ತದೆ, ಗಾಯಕ್ಕೆ ಬ್ಯಾಕ್ಟೀರಿಯಾ ಹತ್ತುತ್ತದೆ. ಗಾಯ ತೊಡೆಯ ಭಾಗದಲ್ಲಿದ್ದರೆ ಗೂಡಿನ ಇನ್ನೊಂದು ಇರುವೆ ಬಂದು ಮೊದಲು ಅದನ್ನು ನೆಕ್ಕುತ್ತದೆ. ನೆಕ್ಕುತ್ತಾ ನೆಕ್ಕುತ್ತಾ ಮೇಲಕ್ಕೆ ಹೋಗಿ ಕಾಲು ಮೈಗೆ ಸೇರುವ ಕಡೆ ಕಚ್ಚಲು ಶುರು ಮಾಡುತ್ತದೆ. ಕಚ್ಚಿದ ಜಾಗವನ್ನೇ ಮತ್ತೆ ಮತ್ತೆ ಕಚ್ಚಿ, ಕಾಲು ಬೀಳುವವರೆಗೂ ಬಿಡುವುದಿಲ್ಲ. ಕಡಿಮೆ ಅಂದರೂ 40 ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತೂ ಗಾಯಾಳು ಕಾಲು ಚಾಚಿಕೊಂಡು ಸುಮ್ನೆ ಇರುತ್ತದೆ, ಒದ್ದಾಡುವುದಿಲ್ಲ, ಓಡಿಹೋಗುವುದಿಲ್ಲ.

ಇಷ್ಟಕ್ಕೇ ಬೆರಗಾಗಬೇಡಿ, ಅಸಲಿ ವಿಷಯ ಮುಂದಿದೆ. ಗಾಯ ಮಂಡಿಯಿಂದ ಕೆಳಗಿದ್ದರೆ ಕಾಲು ಕತ್ತರಿಸುವುದೇ ಇಲ್ಲ! ನೆಕ್ಕಿ ಚೊಕ್ಕ ಮಾಡಿ ಬಿಡುತ್ತವೆ. ಯಾಕೆ ಹೀಗೆ? ಸಂಶೋಧಕರು ಲೆಕ್ಕ ತೆಗೆದು ನೋಡಿದರು. ತೊಡೆಗೆ ಗಾಯವಾಗಿ ಸೋಂಕು ತಗುಲಿದ ಇರುವೆಯನ್ನು ಹಾಗೇ ಬಿಟ್ಟರೆ ಬದುಕುವುದು ನೂರಕ್ಕೆ 40ಕ್ಕಿಂತ ಕಡಿಮೆ, ಕಾಲು ಕತ್ತರಿಸಿದರೆ 90ರಿಂದ 95. ಮಂಡಿಯ ಕೆಳಗಿನ ಗಾಯವನ್ನು ಹಾಗೇ ಬಿಟ್ಟರೆ ಬದುಕುವುದು ನೂರಕ್ಕೆ 15, ನೆಕ್ಕಿ ಚೊಕ್ಕ ಮಾಡಿದರೆ 75. ಆಮೇಲೆ ಮಂಡಿಯ ಕೆಳಗೆ ಗಾಯವಾದ ಇರುವೆಗಳ ಕಾಲನ್ನು ವಿಜ್ಞಾನಿಗಳೇ ಕತ್ತರಿಸಿ ನೋಡಿದರು. ಏನೂ ಪ್ರಯೋಜನವಾಗಲಿಲ್ಲ. ಅಂದರೆ ಇರುವೆಗಳ ತೀರ್ಮಾನವೇ ಸರಿ ಇತ್ತು.

ಕಾರಣ ತಿಳಿಯಲು ಇರುವೆಯ ಕಾಲನ್ನು ಸ್ಕ್ಯಾನ್ ಮಾಡಿದರು. ತೊಡೆಯ ತುಂಬ ಸ್ನಾಯು ಇದೆ, ಇರುವೆಯ ರಕ್ತ ಓಡಾಡಲು ಆ ಸ್ನಾಯುವೇ ಆಧಾರ. ತೊಡೆಗೆ ಗಾಯವಾದರೆ ಸ್ನಾಯು ಕೆಟ್ಟು ರಕ್ತದ ಓಟ ನಿಧಾನವಾಗುತ್ತದೆ, ಬ್ಯಾಕ್ಟೀರಿಯಾ ಮೈಗೆ ಸೇರುವುದೂ ತಡವಾಗುತ್ತದೆ. ನಿಧಾನವಾಗಿ ಕತ್ತರಿಸಲು ಸಮಯ ಇರುತ್ತದೆ. ಮಂಡಿಯ ಕೆಳಗೆ ಅಂಥ ಸ್ನಾಯು ಹೆಚ್ಚಿಲ್ಲ. ಅಲ್ಲಿ ಗಾಯವಾದರೆ ರಕ್ತದ ಓಟ ನಿಲ್ಲುವುದಿಲ್ಲ, 40 ನಿಮಿಷ ಮುಗಿಯುವಷ್ಟರಲ್ಲಿ ವಿಷ ಮೈಗೆ ಏರಿಬಿಟ್ಟಿರುತ್ತದೆ. ಅದಕ್ಕೇ ಬೇಗ ಬೇಗ ನೆಕ್ಕಿ ತೆಗೆಯುವುದೇ ದಾರಿ.

ಬೇರೆ ಬಹಳ ಇರುವೆಗಳ ಎದೆಯ ಪಕ್ಕ ಒಂದು ಗ್ರಂಥಿ ಇರುತ್ತದೆ. ಅದರ ರಸ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಆಫ್ರಿಕಾದ ಮಟಬೆಲೆ ಇರುವೆಗಳು ಗೆದ್ದಲಿನ ಮೇಲೆ ದಾಳಿಗೆ ಹೋಗಿ, ಗಾಯಗೊಂಡವರನ್ನು ಹೊತ್ತು ತಂದು, ಆ ರಸವನ್ನು ಗಾಯಕ್ಕೆ ಹಚ್ಚುತ್ತವೆ. ಇದನ್ನೂ ಫ್ರಾಂಕ್ ತಂಡವೇ ಕಂಡುಹಿಡಿದದ್ದು. ಫ್ಲಾರಿಡಾದ ಈ ಇರುವೆಗೆ ಆ ಗ್ರಂಥಿಯೇ ಇಲ್ಲ. ಮದ್ದಿಲ್ಲದವರ ವೈದ್ಯ ಇದು. ‘ಹಾಗಾದರೆ ಇರುವೆ ಯೋಚಿಸುತ್ತದಾ?’ ಅಂತ ಮುಂದಿನ ಪತ್ರ ಬರುತ್ತದೆ ಅಂತ ಗೊತ್ತು. ಇದು ಕಲಿತದ್ದಲ್ಲ, ಹುಟ್ಟಿನಿಂದಲೇ ಬಂದದ್ದು ಅನ್ನುವುದು ಸಂಶೋಧಕರ ಅಭಿಪ್ರಾಯ.

ಪ್ರಶ್ನೆ: ಕಾಡಿನಲ್ಲಿ ಮಂಗವೊಂದು ಗಾಯಕ್ಕೆ ಸೊಪ್ಪು ಅರೆದು ಹಚ್ಚಿಕೊಂಡಿತು ಅನ್ನುವ ವಿಡಿಯೋ ಬಂದಿದೆ. ನಂಬಬಹುದಾ?
— ಓದುಗರು, ತೀರ್ಥಹಳ್ಳಿ

ಉತ್ತರ: ನೀವು ನೋಡಿದ ವಿಡಿಯೋ ಯಾವುದೋ, ಈಗ ಏನು ಬೇಕಾದರೂ ಮಾಡುತ್ತಾರೆ. ಆದರೆ ಸುದ್ದಿಯ ಬುಡದಲ್ಲಿ ನಿಜ ಇದೆ. ಅದು ಒರಾಂಗುಟಾನ್, ಹೆಸರು ರಾಕಸ್. ಇರುವುದು ಇಂಡೊನೇಷ್ಯಾದ ಸುಮಾತ್ರಾ ದ್ವೀಪದ ಗುನುಂಗ್ ಲ್ಯೂಸರ್ ರಾಷ್ಟ್ರೀಯ ಉದ್ಯಾನದಲ್ಲಿ. 2022ರ ಜೂನ್‌ನಲ್ಲಿ ಅದರ ಕಣ್ಣಿನ ಕೆಳಗೆ ದೊಡ್ಡ ಗಾಯವಾಗಿತ್ತು, ಬಹುಶಃ ಇನ್ನೊಂದು ಗಂಡಿನ ಜೊತೆ ಕಾದಾಡಿ. ಅದು ಒಂದು ಬಳ್ಳಿಯ ಎಲೆ ಅಗಿದು, ರಸವನ್ನು ಬೆರಳಿನಿಂದ ಗಾಯಕ್ಕೇ ಹಚ್ಚಿತು. ಮೈಯ ಬೇರೆ ಕಡೆ ಹಚ್ಚಲಿಲ್ಲ. ಏಳು ನಿಮಿಷ ಹೀಗೆ ಮಾಡಿ, ಕೊನೆಗೆ ಅಗಿದ ಎಲೆಯ ಮುದ್ದೆಯನ್ನೇ ಗಾಯದ ಮೇಲೆ ಮೆತ್ತಿಕೊಂಡಿತು. ಐದು ದಿನಕ್ಕೆ ಗಾಯ ಮುಚ್ಚಿತು, ತಿಂಗಳೊಳಗೆ ಗುರುತು ಮಾತ್ರ ಉಳಿಯಿತು. ಆ ಬಳ್ಳಿಯನ್ನು ಅಲ್ಲಿನ ಜನರೂ ಮನೆಮದ್ದಿಗೆ ಬಳಸುತ್ತಾರೆ.

ಒಂದು ಮಾತು ನೆನಪಿರಲಿ: ಹೀಗೆ ಮಾಡಿದ್ದನ್ನು ನೋಡಿದ್ದು ಒಂದೇ ಪ್ರಾಣಿಯಲ್ಲಿ. ಗಾಯ ಮದ್ದಿನಿಂದಲೇ ವಾಸಿಯಾಯಿತು ಅಂತ ಇದರಿಂದ ಹೇಳಲು ಬರುವುದಿಲ್ಲ. ಮದ್ದಿಲ್ಲದೆಯೂ ವಾಸಿಯಾಗುತ್ತಿತ್ತೇನೋ. ಹಚ್ಚಿಕೊಂಡಿತು ಅನ್ನುವುದು ಮಾತ್ರ ಗಟ್ಟಿ.

ಪ್ರಶ್ನೆ: ಗಿಡ ಕುಯ್ದರೆ ಕಿರುಚುತ್ತೆ ಅಂತ ವಿಜ್ಞಾನಿಗಳು ಸಾಬೀತು ಮಾಡಿದ್ದಾರಂತೆ. ನಾವು ಸಸ್ಯಾಹಾರಿಗಳು, ಇನ್ನು ಮೇಲೆ ಏನು ತಿನ್ನೋದು?
— ಗೃಹಿಣಿ, ಧಾರವಾಡ

ಉತ್ತರ: ಧೈರ್ಯವಾಗಿ ಪಲ್ಲೆ ಮಾಡಿಕೊಂಡು ತಿನ್ನಿ. ಶಬ್ದ ನಿಜ, ಕಿರುಚಾಟ ಸುದ್ದಿ ಬರೆದವರು ಸೇರಿಸಿದ್ದು.

ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ಲಿಲಾಕ್ ಹದಾನಿ ಅವರ ತಂಡ ಟೊಮೆಟೊ ಮತ್ತು ಹೊಗೆಸೊಪ್ಪಿನ ಗಿಡಗಳನ್ನು ಹೊರಗಿನ ಸದ್ದು ಬಾರದ ಪೆಟ್ಟಿಗೆಯಲ್ಲಿ ಇಟ್ಟು, ಹತ್ತಿರದಲ್ಲೇ ಮೈಕ್ ಇಟ್ಟಿತು. ಕೆಲವಕ್ಕೆ ನೀರು ನಿಲ್ಲಿಸಿದರು, ಕೆಲವುಗಳ ಕಾಂಡ ಕತ್ತರಿಸಿದರು, ಕೆಲವನ್ನು ಹಾಗೇ ಬಿಟ್ಟರು. ಚೆನ್ನಾಗಿದ್ದ ಗಿಡದಿಂದ ಗಂಟೆಗೆ ಒಂದು ಸದ್ದೂ ಬರಲಿಲ್ಲ. ಕಷ್ಟದಲ್ಲಿದ್ದ ಗಿಡಗಳಿಂದ ಗಂಟೆಗೆ 30ರಿಂದ 50 ‘ಟಿಕ್, ಟಿಕ್’ ಬಂತು. ಇದು 40ರಿಂದ 80 ಕಿಲೊಹರ್ಟ್ಜ್ ಸದ್ದು. ನಮ್ಮ ಕಿವಿಗೆ 20 ದಾಟಿದರೆ ಏನೂ ಕೇಳಿಸುವುದಿಲ್ಲ. ಮೈಕ್‌ನಲ್ಲಿ ಹಿಡಿದು, ತಗ್ಗಿನ ಸ್ವರಕ್ಕೆ ಇಳಿಸಿದಾಗಷ್ಟೇ ನಮಗೆ ಕೇಳಿಸುವುದು. ನೀರಿಲ್ಲದ ಗಿಡದ ಸದ್ದು ಐದನೆಯ ದಿನದವರೆಗೆ ಏರುತ್ತಾ ಹೋಗಿ, ಗಿಡ ಪೂರ್ತಿ ಒಣಗಿದ ಮೇಲೆ ಇಳಿಯಿತು. 2023ರಲ್ಲಿ ಬಂದ ವರದಿ ಇದು.

ಸದ್ದು ಎಲ್ಲಿಂದ? ಬೇರಿನಿಂದ ಎಲೆಗೆ ನೀರು ಏರಲು ಗಿಡದೊಳಗೆ ಸಣ್ಣ ಕೊಳವೆಗಳಿವೆ. ನೀರು ಕಡಿಮೆಯಾದಾಗ ಅಲ್ಲಿ ಗಾಳಿಗುಳ್ಳೆ ಹುಟ್ಟಿ ಒಡೆಯುತ್ತದೆ, ಅದರ ಸದ್ದೇ ಇರಬೇಕು. ನೀರು ಬಿಡುವ ದಿನ ನಲ್ಲಿ ಮೊದಲು ಗೊಟಗೊಟ ಅಂದು ಗಾಳಿ ಉಗುಳುತ್ತದಲ್ಲ, ಸುಮಾರು ಆ ಥರ. ನಲ್ಲಿಗೆ ನೋವಾಯ್ತು ಅಂತ ಯಾರೂ ಹೇಳುವುದಿಲ್ಲ ಅಲ್ವಾ? ಗಿಡಕ್ಕೆ ನರಮಂಡಲ ಇಲ್ಲ, ಮೆದುಳಿಲ್ಲ. ನೋವು ಅಂದರೆ ನಾವು ಏನನ್ನು ತಿಳಿಯುತ್ತೇವೋ ಅದಕ್ಕೆ ಬೇಕಾದ ಸಾಮಗ್ರಿಯೇ ಅಲ್ಲಿಲ್ಲ.

ನನಗೆ ಇದರಲ್ಲಿ ಹಿಡಿಸಿದ್ದು ಬೇರೆ. ನಮಗೆ ಕೇಳಿಸದಿದ್ದರೇನು, ಪತಂಗಕ್ಕೆ ಕೇಳಿಸುತ್ತದೆ. ಅದೇ ವಿಶ್ವವಿದ್ಯಾಲಯದವರು 2025ರಲ್ಲಿ ಇನ್ನೊಂದು ಪ್ರಯೋಗ ತಿಳಿಸಿದರು. ಎಲೆ ತಿನ್ನುವ ಹುಳುವಿನ ತಾಯಿ ಪತಂಗಕ್ಕೆ ಎರಡು ಒಳ್ಳೆಯ ಟೊಮೆಟೊ ಗಿಡ ಇಟ್ಟು, ಒಂದರ ಹತ್ತಿರ ಬಾಯಾರಿದ ಗಿಡದ ಟಿಕ್ ಟಿಕ್ ಸದ್ದನ್ನು ಸ್ಪೀಕರ್‌ನಲ್ಲಿ ಹಾಕಿದರು. ಹೆಚ್ಚು ಮೊಟ್ಟೆ ಬಿದ್ದದ್ದು ಸದ್ದಿಲ್ಲದ ಗಿಡದ ಮೇಲೆ. ಒಣಗುವ ಗಿಡದಲ್ಲಿ ಮಕ್ಕಳಿಗೆ ಊಟ ಸಿಗುವುದಿಲ್ಲ ಅಲ್ವಾ, ಅದರ ಲೆಕ್ಕ ಅದಕ್ಕಿದೆ. ಗಿಡ ಏನನ್ನೂ ಹೇಳಲು ಹೊರಟಿಲ್ಲ, ಆದರೂ ಕೇಳಿಸಿಕೊಳ್ಳುವವರು ಕೇಳಿಸಿಕೊಂಡಿದ್ದಾರೆ. ಮುಂದೆ ಹೊಲದಲ್ಲಿ ಮೈಕ್ ಇಟ್ಟು, ಯಾವ ಸಾಲಿಗೆ ನೀರು ಬೇಕು ಅಂತ ತಿಳಿಯಬಹುದು ಅನ್ನುವ ಆಸೆಯೂ ಇದೆ.

ಪ್ರಶ್ನೆ: ಕೋಲಾರದ ಮಹಿಳೆಯೊಬ್ಬರಲ್ಲಿ ಪ್ರಪಂಚದಲ್ಲಿ ಎಲ್ಲೂ ಇಲ್ಲದ ರಕ್ತದ ಗುಂಪು ಸಿಕ್ಕಿತು ಅಂತ ಓದಿದೆ. ಎ, ಬಿ, ಒ ಬಿಟ್ಟು ಇನ್ನೆಷ್ಟು ಗುಂಪು ಇವೆ?
— ಲ್ಯಾಬ್ ಟೆಕ್ನಿಷಿಯನ್, ಚಿಂತಾಮಣಿ

ಉತ್ತರ: ನೀವು ಇದೇ ಕೆಲಸದಲ್ಲಿದ್ದೀರಿ, ನಿಮಗೆ ನಾನು ಹೇಳುವುದು ಕಡಿಮೆಯೇ. ಉಳಿದ ಓದುಗರಿಗಾಗಿ ಸ್ವಲ್ಪ ಹಿಂದಿನಿಂದ ಬರುತ್ತೇನೆ.

ಕೆಂಪು ರಕ್ತಕಣದ ಮೇಲ್ಮೈಯಲ್ಲಿ ನೂರಾರು ಬಗೆಯ ಗುರುತುಗಳಿವೆ. ಇವನ್ನೇ ಆ್ಯಂಟಿಜನ್ ಅನ್ನುವುದು. ಎ, ಬಿ ಮತ್ತು ಆರ್‌ಎಚ್ ಅದರಲ್ಲಿ ಬಹಳ ಮುಖ್ಯವಾದವು, ಅದಕ್ಕೇ ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಅಷ್ಟೇ ಬರೆಯುತ್ತಾರೆ. ಇವನ್ನೂ ಸೇರಿಸಿ 40ಕ್ಕೂ ಹೆಚ್ಚು ಗುಂಪು ವ್ಯವಸ್ಥೆಗಳನ್ನು ಗುರುತಿಸಿದ್ದಾರೆ. ನಮ್ಮಲ್ಲಿಲ್ಲದ ಗುರುತು ಹೊತ್ತ ರಕ್ತ ಒಳಗೆ ಬಂದರೆ ದೇಹ ಅದನ್ನು ಶತ್ರು ಅಂತ ತಿಳಿದು ಹೊಡೆಯಬಹುದು.

ಆ ಮಹಿಳೆ ಹೃದಯದ ಆಪರೇಷನ್‌ಗೆ ಆಸ್ಪತ್ರೆ ಸೇರಿದ್ದರು. ರಕ್ತ ಒ ಪಾಸಿಟಿವ್, ಎಲ್ಲ ಕಡೆ ಸಿಗುವಂಥದ್ದು. ಆದರೆ ಯಾವ ಒ ಪಾಸಿಟಿವ್ ಬಾಟಲಿ ತಂದರೂ ಹೊಂದಲಿಲ್ಲ. ಬೆಂಗಳೂರಿನ ರೋಟರಿ ಟಿಟಿಕೆ ರಕ್ತ ಕೇಂದ್ರಕ್ಕೆ ಮಾದರಿ ಹೋಯಿತು. ಅಲ್ಲಿಯೂ ಅದೇ ಪಾಡು, ಯಾವ ರಕ್ತ ಸೇರಿಸಿದರೂ ಗಂಟು ಕಟ್ಟುತ್ತದೆ. ಹೀಗಾದಾಗ ಮೊದಲು ಹುಡುಕುವುದು ಮನೆಮಂದಿಯಲ್ಲಿ. ಅವರ ಕುಟುಂಬದ 20 ಜನರ ರಕ್ತ ನೋಡಿದರು, ಒಬ್ಬರದೂ ಹೊಂದಲಿಲ್ಲ. ಕೊನೆಗೆ ಡಾಕ್ಟರುಗಳು ಹೊರಗಿನ ಒಂದು ಹನಿ ರಕ್ತವೂ ಕೊಡದೆ ಆಪರೇಷನ್ ಮುಗಿಸಿದರು. ಸುದ್ದಿಯಲ್ಲಿ ಇದು ಒಂದು ಸಾಲಿನಲ್ಲಿ ಹೋಗಿಬಿಟ್ಟಿತು, ನನಗೆ ಮಾತ್ರ ದೊಡ್ಡ ವಿಷಯ ಅನ್ನಿಸಿದ್ದು ಇದೇ.

ಮಾದರಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿರುವ ಅಂತರರಾಷ್ಟ್ರೀಯ ರಕ್ತ ಗುಂಪು ಪ್ರಯೋಗಾಲಯಕ್ಕೆ ಹೋಯಿತು. ಹತ್ತು ತಿಂಗಳು ತಡಕಾಡಿದ ಮೇಲೆ ಗೊತ್ತಾದದ್ದು, ಇದು ಕ್ರೋಮರ್ ಅನ್ನುವ ಗುಂಪು ವ್ಯವಸ್ಥೆಗೆ ಸೇರಿದ, ಇಲ್ಲಿಯವರೆಗೆ ಯಾರೂ ಕಾಣದ ಆ್ಯಂಟಿಜನ್ ಅಂತ. ಉಳಿದವರೆಲ್ಲರ ರಕ್ತದಲ್ಲೂ ಅದು ಇದೆ, ಈಕೆಯಲ್ಲಿ ಇಲ್ಲ! ಅದಕ್ಕೇ ಯಾರ ರಕ್ತವೂ ಹೊಂದಲಿಲ್ಲ. ಸಿಆರ್‌ಐಬಿ ಅಂತ ಹೆಸರಿಟ್ಟರು. ಮೊದಲೆರಡು ಅಕ್ಷರ ಕ್ರೋಮರ್‌ಗೆ, ಉಳಿದೆರಡು ಇಂಡಿಯಾ ಮತ್ತು ಬೆಂಗಳೂರಿಗೆ. 2025ರ ಜೂನ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಇದನ್ನು ಪ್ರಕಟಿಸಿದರು.

ಹಾಗಾಗಿ ‘ಎಲ್ಲೂ ಇಲ್ಲದ ರಕ್ತ’ ಅನ್ನುವುದು ಪೂರ್ತಿ ಸರಿಯಲ್ಲ. ಎಲ್ಲರಲ್ಲೂ ಇರುವ ಒಂದು ಗುರುತು ಇಲ್ಲದ ರಕ್ತ. ಬಾಂಬೆ ಗುಂಪಿನ ಕಥೆಯೂ ಹೀಗೆಯೇ. 1952ರಲ್ಲಿ ಮುಂಬೈಯಲ್ಲಿ ಡಾ. ಭೆಂಡೆ ಮತ್ತು ಜೊತೆಗಾರರು ಅದನ್ನು ಗುರುತಿಸಿದ್ದು. ಎ ಮತ್ತು ಬಿ ಎರಡಕ್ಕೂ ಬುನಾದಿಯಾದ ಎಚ್ ಅನ್ನುವ ಗುರುತೇ ಅವರಲ್ಲಿ ಇರುವುದಿಲ್ಲ. ಮಾಮೂಲಿ ಪರೀಕ್ಷೆಯಲ್ಲಿ ಒ ಅಂತ ಬರುತ್ತದೆ, ಒ ಕೊಟ್ಟರೆ ಜೀವಕ್ಕೇ ಅಪಾಯ. ಇಂಥವರಿಗೆ ಒಂದು ಉಪಾಯ ಇದೆ. ಆರೋಗ್ಯ ಚೆನ್ನಾಗಿದ್ದಾಗ ತಮ್ಮ ರಕ್ತವನ್ನು ತಾವೇ ಕೊಟ್ಟು, ಮುಂದೆ ಬರುವ ಆಪರೇಷನ್‌ಗೆ ತೆಗೆದಿಡುವುದು.

ಪ್ರಶ್ನೆ: 3ಐ ಅಟ್ಲಾಸ್ ಅನ್ನೋದು ಬೇರೆ ಲೋಕದವರ ನೌಕೆ, ನಾಸಾ ಮುಚ್ಚಿಡುತ್ತಿದೆ ಅಂತ ನಮ್ಮ ಭಾವ ವಾದ ಮಾಡುತ್ತಾರೆ.
— ಓದುಗರು, ದಾವಣಗೆರೆ

ಉತ್ತರ: ಭಾವನ ಜೊತೆ ವಾದ ಮಾಡಿ ಗೆದ್ದವರಿಲ್ಲ. ಆದರೂ ಹೇಳುತ್ತೇನೆ. ಅದು ಧೂಮಕೇತು. 2025ರ ಜುಲೈ 1ರಂದು ಚಿಲಿ ದೇಶದಲ್ಲಿರುವ ಅಟ್ಲಾಸ್ ದೂರದರ್ಶಕದಲ್ಲಿ ಕಂಡಿತು. ಗಂಟೆಗೆ 2 ಲಕ್ಷ ಕಿಲೋಮೀಟರ್‌ಗಿಂತ ಜಾಸ್ತಿ ವೇಗ. ಆ ವೇಗದಲ್ಲಿ ಬಂದದ್ದನ್ನು ಸೂರ್ಯ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಹೀಗಾಗಿ ಅದು ನಮ್ಮ ಸೌರಮಂಡಲದ ಹೊರಗಿಂದ ಬಂತು ಅಂತ ಗೊತ್ತಾದದ್ದು ಬರೀ ದಾರಿಯ ಲೆಕ್ಕದಿಂದ. ಹೀಗೆ ಹೊರಗಿನಿಂದ ಬಂದವರಲ್ಲಿ ನಾವು ಗುರುತಿಸಿದ್ದು ಇದು ಮೂರನೆಯದು. 2017ರಲ್ಲಿ ಔಮುವಾಮುವಾ, 2019ರಲ್ಲಿ ಬೊರಿಸೊವ್ ಬಂದು ಹೋಗಿದ್ದವು.

ನೌಕೆ ಅನ್ನುವ ಮಾತು ಹಾರ್ವರ್ಡ್‌ನ ಪ್ರಾಧ್ಯಾಪಕ ಅವಿ ಲೋಬ್ ಅವರಿಂದ ಹಬ್ಬಿತು. ಆದರೆ ಸೂರ್ಯನ ಹತ್ತಿರ ಬಂದಂತೆ ಅದರ ಮೈಯಿಂದ ಅನಿಲ, ದೂಳು ಹೊರಟಿತು, ಸುತ್ತ ಮಂಜಿನಂಥ ಮುಸುಕು ಬೆಳೆಯಿತು. ಬಾಹ್ಯಾಕಾಶದಲ್ಲಿರುವ ಜೇಮ್ಸ್ ವೆಬ್ ದೂರದರ್ಶಕ ಆ ಮುಸುಕಿನಲ್ಲಿ ಇಂಗಾಲದ ಡೈಆಕ್ಸೈಡ್ ಬಹಳ ಇದೆ ಅಂತ ಕಂಡಿತು. ಧೂಮಕೇತು ಮಾಡುವ ಕೆಲಸವೇ ಅದು. 2025ರ ಡಿಸೆಂಬರ್ 19ರಂದು ಭೂಮಿಗೆ ಅತಿ ಹತ್ತಿರ ಬಂದಾಗಲೂ ಸುಮಾರು 27 ಕೋಟಿ ಕಿಲೋಮೀಟರ್ ದೂರ ಇತ್ತು. ಇನ್ನು ಮುಚ್ಚಿಡುವ ಮಾತು. ಹಲವು ದೇಶಗಳ ಹವ್ಯಾಸಿಗಳು ಅಂಗಳದಲ್ಲಿ ದೂರದರ್ಶಕ ಇಟ್ಟು ಅದರ ಫೋಟೊ ತೆಗೆದಿದ್ದಾರೆ. ಯಾರಿಂದ ಮುಚ್ಚಿಡುವುದು?

ಪ್ರಶ್ನೆ: ಶನಿಗೆ ಎಷ್ಟು ಚಂದ್ರರು? ಮಗನ ಪುಸ್ತಕದಲ್ಲಿ ಒಂದು ಇದೆ, ಗೂಗಲ್‌ನಲ್ಲಿ ಇನ್ನೊಂದು.
— ಓದುಗರು, ಗದಗ

ಉತ್ತರ: 2025ರ ಮಾರ್ಚ್‌ನಲ್ಲಿ ಒಂದೇ ಏಟಿಗೆ 128 ಹೊಸವು ಸೇರಿ 274 ಆಯಿತು. ಹೆಚ್ಚಿನವು ಕೆಲವೇ ಕಿಲೋಮೀಟರ್ ಅಗಲದ ಬಂಡೆಗಳು. ಪರೀಕ್ಷೆಯಲ್ಲಿ ಮಾತ್ರ ಪುಸ್ತಕದಲ್ಲಿರುವುದನ್ನೇ ಬರೆಯಲಿ, ಮಾರ್ಕ್ಸ್ ಹೋದರೆ ನನ್ನನ್ನು ಬಯ್ಯಬೇಡಿ.

ಪ್ರಶ್ನೆ: ಚಂದ್ರಯಾನ-3 ಇಳಿದಾಗ ಇಡೀ ಊರೇ ಟಿವಿ ಮುಂದೆ ಕೂತಿತ್ತು. ಆಮೇಲೆ ಅದರಿಂದ ಏನು ತಿಳಿಯಿತು ಅಂತ ಯಾರೂ ಹೇಳಲಿಲ್ಲ.
— ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಒಳ್ಳೆಯ ದೂರು. 2023ರ ಆಗಸ್ಟ್ 23ರಂದು ಇಳಿಯಿತು, ಪಟಾಕಿ ಹೊಡೆದೆವು, ಮರೆತೆವು. ಎರಡು ವಿಷಯ ಹೇಳುತ್ತೇನೆ.

ಪ್ರಜ್ಞಾನ್ ರೋವರ್ ನೂರು ಮೀಟರ್‌ನಷ್ಟು ಓಡಾಡಿ 23 ಕಡೆ ನಿಂತು ನೆಲದ ಮಣ್ಣಿನಲ್ಲಿ ಯಾವ ಧಾತು ಎಷ್ಟಿದೆ ಅಂತ ಅಳೆಯಿತು. ಎಲ್ಲ ಕಡೆ ಮಣ್ಣು ಹೆಚ್ಚು ಕಡಿಮೆ ಒಂದೇ ಥರ ಇತ್ತು, ಅನಾರ್ಥೊಸೈಟ್ ಅನ್ನುವ ತಿಳಿ ಬಣ್ಣದ ಹಗುರ ಕಲ್ಲಿನ ಜಾತಿಯದ್ದು. ಇದು ಯಾಕೆ ದೊಡ್ಡದು ಅಂದರೆ, ಹುಟ್ಟಿದ ಹೊಸತರಲ್ಲಿ ಚಂದ್ರ ಪೂರ್ತಿ ಕರಗಿದ ಕಲ್ಲಿನ ಸಾಗರವಾಗಿತ್ತು, ತೂಕದ ಖನಿಜ ಕೆಳಗಿಳಿದು ಹಗುರವಾದದ್ದು ಮೇಲೆ ತೇಲಿ ಗಟ್ಟಿಯಾಯಿತು ಅನ್ನುವ ಒಂದು ವಾದ ಇದೆ. ಅಮೆರಿಕದವರು ಅಪೊಲೊದಲ್ಲಿ ಕಲ್ಲು ತಂದದ್ದು ಚಂದ್ರನ ನಡುಭಾಗದ ಸುತ್ತಮುತ್ತಲಿಂದ. ಅಲ್ಲಿಯದನ್ನು ನೋಡಿ ಕಟ್ಟಿದ ವಾದ ದಕ್ಷಿಣಕ್ಕೂ ಹೊಂದುತ್ತದಾ ಅಂತ ಅಲ್ಲಿಯೇ ಇಳಿದು ನೋಡಿದವರು ಇರಲಿಲ್ಲ. ಹೊಂದಿತು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು 2024ರ ಆಗಸ್ಟ್‌ನಲ್ಲಿ ಇದನ್ನು ‘ನೇಚರ್’ ಪತ್ರಿಕೆಯಲ್ಲಿ ಬರೆದರು.

ಎರಡನೆಯದು ಬಿಸಿಲಿನ ಲೆಕ್ಕ. ಲ್ಯಾಂಡರ್‌ನಲ್ಲಿದ್ದ ಒಂದು ಕಡ್ಡಿ ನೆಲದೊಳಗೆ ಚುಚ್ಚಿಕೊಂಡು ಉಷ್ಣತೆ ನೋಡಿತು. ಇಳಿದ ಜಾಗ ಸೂರ್ಯನ ಕಡೆಗೆ ಆರು ಡಿಗ್ರಿ ವಾಲಿತ್ತು, ಅಲ್ಲಿ ಹಗಲಲ್ಲಿ 82 ಡಿಗ್ರಿ ಸೆಲ್ಸಿಯಸ್. ಒಂದು ಮೀಟರ್ ಆಚೆ ಸಮತಟ್ಟಾದ ನೆಲದಲ್ಲಿ 60ರ ಆಸುಪಾಸು! ಗಾಳಿ ಇಲ್ಲದ ಕಡೆ ನೆಲ ಸ್ವಲ್ಪ ವಾಲಿದರೂ ಇಷ್ಟು ವ್ಯತ್ಯಾಸ. ಹಾಗಾದರೆ ಸೂರ್ಯನಿಗೆ ಬೆನ್ನು ಹಾಕಿದ ಇಳಿಜಾರುಗಳ ನೆಲದಡಿ, ಧ್ರುವದಿಂದ ಸ್ವಲ್ಪ ದೂರದಲ್ಲೂ ಮಂಜುಗಡ್ಡೆ ಉಳಿದಿರಬಹುದು ಅನ್ನುವ ಲೆಕ್ಕ ಇದರಿಂದ ಹುಟ್ಟಿದೆ. ಅಂದ ಹಾಗೆ, ವಿಕ್ರಮ್ ಇಳಿದದ್ದು ದಕ್ಷಿಣ ಧ್ರುವದಲ್ಲೇ ಅಲ್ಲ. ಸುಮಾರು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ. ಅಷ್ಟು ದಕ್ಷಿಣಕ್ಕೆ ಅಲ್ಲಿಯವರೆಗೆ ಯಾರೂ ಇಳಿದಿರಲಿಲ್ಲ, ಅದೇ ಸಾಕಷ್ಟು ದೊಡ್ಡದು, ಹಿಗ್ಗಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ಆನೆಗಳು ಒಂದನ್ನೊಂದು ಹೆಸರು ಹಿಡಿದು ಕರೆಯುತ್ತವಂತೆ. ನಮ್ಮ ಮಾವುತರು ಇದನ್ನು ಕೇಳಿ ‘ನಮಗೆ ಗೊತ್ತೇ ಇತ್ತು’ ಅಂತಾರೆ.
— ಓದುಗರು, ಹುಣಸೂರು

ಉತ್ತರ: ಮಾವುತರಿಗೆ ಗೊತ್ತಿರುವುದು ಬೇರೆ, ಇದು ಬೇರೆ. ಅಭಿಮನ್ಯು ಅಂತ ನಾವು ಕರೆದರೆ ಅದು ತಿರುಗಿ ನೋಡುವುದು ನಾವು ಕಲಿಸಿದ್ದು. ಆನೆಗಳು ತಮ್ಮತಮ್ಮಲ್ಲೇ ಹೆಸರಿಟ್ಟುಕೊಂಡಿವೆಯಾ ಅನ್ನುವುದು ಇಲ್ಲಿನ ಪ್ರಶ್ನೆ.

ಕೀನ್ಯಾದ ಅಂಬೊಸೇಲಿ ಮತ್ತು ಸಂಬುರು ಕಾಡುಗಳಲ್ಲಿ ಹೆಣ್ಣಾನೆಗಳ ಮತ್ತು ಮರಿಗಳ ಗುಡುಗುಡು ದನಿಯನ್ನು ವಿಜ್ಞಾನಿಗಳು ವರ್ಷಗಟ್ಟಲೆ ರೆಕಾರ್ಡ್ ಮಾಡಿದ್ದರು. ಅದರಲ್ಲಿ ಯಾವ ಆನೆ ಯಾವ ಆನೆಯನ್ನು ಕರೆಯಿತು ಅಂತ ಖಚಿತವಾಗಿ ಗೊತ್ತಿದ್ದ 469 ಕರೆಗಳನ್ನು ಆರಿಸಿ ಕಂಪ್ಯೂಟರ್‌ಗೆ ಕೊಟ್ಟರು. ಕರೆ ಯಾರಿಗೆ ಅಂತ ಅದು ನೂರಕ್ಕೆ 27.5 ಸಲ ಸರಿಯಾಗಿ ಹೇಳಿತು. ಬಹಳ ಕಡಿಮೆ ಅನ್ನಿಸಬಹುದು. ಆದರೆ ಕುರುಡಾಗಿ ಊಹಿಸಿದರೆ ಸರಿಯಾಗುತ್ತಿದ್ದದ್ದು 8 ಸಲ ಮಾತ್ರ. ಆಮೇಲೆ 17 ಆನೆಗಳಿಗೆ ಸ್ಪೀಕರ್‌ನಲ್ಲಿ ಅವುಗಳನ್ನೇ ಕರೆದದ್ದನ್ನು ಕೇಳಿಸಿದರು, ಬೇರೆ ಆನೆಯನ್ನು ಕರೆದದ್ದನ್ನೂ ಕೇಳಿಸಿದರು. ಎರಡೂ ಕರೆ ಕೂಗಿದ್ದು ಒಂದೇ ಆನೆ. ತನ್ನನ್ನೇ ಕರೆದದ್ದು ಕೇಳಿದಾಗ ಆನೆ ಬೇಗ ಹತ್ತಿರ ಬಂತು, ಬೇಗ ಓಗೊಟ್ಟಿತು. ಕರೆಯ ಯಾವ ತುಣುಕು ಹೆಸರು ಅಂತ ಬಿಡಿಸಿ ತೋರಿಸಲು ಮಾತ್ರ ಅವರಿಗೆ ಆಗಿಲ್ಲ. ಇದು 2024ರ ವಿಷಯ, ಅದೂ ಆಫ್ರಿಕಾದ ಆನೆಗಳದ್ದು. ನಾಗರಹೊಳೆಯ ಆನೆಗಳಿಗೆ ಇದನ್ನು ಈಗಲೇ ಹೊರಿಸಬೇಡಿ.

ಪ್ರಶ್ನೆ: ಸಮುದ್ರ ಮಥನದ ವಾಸುಕಿ ಗುಜರಾತಿನಲ್ಲಿ ಸಿಕ್ಕಿದ್ದಾನಂತೆ?
— ಓದುಗರು, ಬಳ್ಳಾರಿ

ಉತ್ತರ: ಸಿಕ್ಕಿದ್ದು 27 ಬೆನ್ನೆಲುಬಿನ ತುಂಡುಗಳು, ಕಛ್‌ನ ಪಾನಂಧ್ರೊ ಲಿಗ್ನೈಟ್ ಗಣಿಯಲ್ಲಿ. ತೆಗೆದದ್ದು 2005ರಲ್ಲಿ. ಆಗ ಮೊಸಳೆಯದ್ದಿರಬೇಕು ಅಂತ ಎತ್ತಿಟ್ಟಿದ್ದರು. ರೂರ್ಕಿ ಐಐಟಿಯವರು ಚೊಕ್ಕ ಮಾಡಿ ಮತ್ತೆ ನೋಡಿದಾಗ ಹಾವು ಅಂತ ತಿಳಿಯಿತು. 2024ರಲ್ಲಿ ವಾಸುಕಿ ಇಂಡಿಕಸ್ ಅಂತ ಹೆಸರಿಟ್ಟರು. ಉದ್ದ 11ರಿಂದ 15 ಮೀಟರ್ ಇದ್ದಿರಬಹುದು ಅಂತ ಅಂದಾಜು, ಕಾಲ ಸುಮಾರು 4.7 ಕೋಟಿ ವರ್ಷ ಹಿಂದೆ. ಮಥನ ಮಾಡಲು ಆಗ ಮನುಷ್ಯರೇ ಇರಲಿಲ್ಲ. ಹೆಸರು ಚೆನ್ನಾಗಿದೆ, ಅಷ್ಟೇ.

ಪ್ರಶ್ನೆ: ಕಾರ್ಕಳದ ಹತ್ತಿರ ಕಪ್ಪೆಯ ಮೈಯಲ್ಲಿ ಅಣಬೆ ಬೆಳೆದಿತ್ತು ಅಂತ ಫೋಟೊ ಬಂದಿತ್ತು. ಕಪ್ಪೆ ಸತ್ತಿತ್ತಾ? ನಮಗೂ ಹಾಗೆ ಬೆಳೆಯಬಹುದಾ?
— ಪಿಯುಸಿ ವಿದ್ಯಾರ್ಥಿನಿ, ಮೂಡುಬಿದಿರೆ

ಉತ್ತರ: ಕಪ್ಪೆ ಜೀವಂತವಾಗಿತ್ತು, ಆರಾಮಾಗಿ ಓಡಾಡುತ್ತಿತ್ತು. 2023ರ ಜೂನ್, ಕುದುರೆಮುಖದ ತಪ್ಪಲಿನ ಮಾಳ ಅನ್ನುವ ಊರು. ರಸ್ತೆ ಬದಿ ಮಳೆನೀರು ನಿಂತ ಸಣ್ಣ ಹೊಂಡದಲ್ಲಿ ಬಂಗಾರದ ಬೆನ್ನಿನ ಕಪ್ಪೆಗಳು ಸುಮಾರು 40 ಇದ್ದವು. ಕಪ್ಪೆ, ಹಾವು ನೋಡಲು ಹೋಗಿದ್ದ ಗೆಳೆಯರಿಗೆ ಅದರಲ್ಲಿ ಒಂದರ ಎಡ ಪಕ್ಕೆಯಿಂದ ಪುಟ್ಟ ನಾಯಿಕೊಡೆ ಎದ್ದದ್ದು ಕಂಡಿತು. ಕಡ್ಡಿಯಂಥ ದಂಟು, ಮೇಲೆ ಸಣ್ಣ ಟೋಪಿ. ಫೋಟೊ ನೋಡಿದ ಅಣಬೆ ತಜ್ಞರು ಇದು ಮೈಸೀನಾ ಕುಲದ್ದು ಅಂದರು. ಕೊಳೆತ ಎಲೆ, ಮರದ ಮೇಲೆ ಬೆಳೆಯುವಂಥದ್ದು. ಜೀವಂತ ಕಪ್ಪೆಯ ಮೇಲೆ ಅಣಬೆ ಎದ್ದದ್ದು ಅದಕ್ಕೆ ಮುಂಚೆ ಎಲ್ಲೂ ದಾಖಲಾಗಿರಲಿಲ್ಲ. 2024ರ ಆರಂಭದಲ್ಲಿ ಸಣ್ಣ ಟಿಪ್ಪಣಿಯಾಗಿ ಪ್ರಕಟವಾಯಿತು.

ಅವರು ಕಪ್ಪೆಯನ್ನು ಹಿಡಿಯಲಿಲ್ಲ. ಹಾಗಾಗಿ ಅಣಬೆಯ ಬೇರಿನಂಥ ನೂಲು ಚರ್ಮದೊಳಗೆ ಇಳಿದಿತ್ತಾ, ಅಥವಾ ಗಾಯಕ್ಕೆ ಅಂಟಿದ್ದ ಕಸದ ಚೂರಿನ ಮೇಲೆ ಎದ್ದಿತ್ತಾ ಅಂತ ತೀರ್ಮಾನ ಆಗಿಲ್ಲ. ಹಿಡಿಯಬೇಕಿತ್ತು ಅಂತ ಕೆಲವರು ಗೊಣಗಿದರು. ನನಗೆ ಹಾಗನ್ನಿಸುವುದಿಲ್ಲ. ಕಪ್ಪೆ ಹಿಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಮಳೆಗಾಲದಲ್ಲಿ ಸುಮ್ನೆ ಸುತ್ತಾಡಲು ಹೋದವರ ಜೇಬಿನಲ್ಲಿ ಅದು ಇರುವುದಿಲ್ಲ. ಈ ಕಪ್ಪೆಯನ್ನು 1937ರಲ್ಲಿ ಮೊದಲು ವಿವರಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದ ಸಿ.ಆರ್. ನಾರಾಯಣ ರಾವ್, ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರು. ಅಲ್ಲಿಂದ ಇಲ್ಲಿಯವರೆಗೆ ಇಷ್ಟು ಜನ ನೋಡಿದ ಕಪ್ಪೆಯಲ್ಲೂ ಇಂಥದ್ದೊಂದು ಬಾಕಿ ಇತ್ತು ನೋಡಿ.

ನಿಮ್ಮ ಮೈಮೇಲೆ ಬೆಳೆಯುವ ಭಯ ಬೇಡ. ನಮ್ಮ ಮೈ ಬಿಸಿ, ಚರ್ಮ ಒಣ. ಹುಳುಕಡ್ಡಿಯಂಥ ಬೂಷ್ಟು ಬರುತ್ತದೆಯೇ ಹೊರತು ಕೊಡೆ ಬಿಚ್ಚುವುದಿಲ್ಲ. ಕಪ್ಪೆಗಳಿಗೆ ಮಾತ್ರ ಶಿಲೀಂಧ್ರ ತಮಾಷೆಯಲ್ಲ. ಕೈಟ್ರಿಡ್ ಅನ್ನುವ ಶಿಲೀಂಧ್ರ ರೋಗದಿಂದ ಪ್ರಪಂಚದಲ್ಲಿ 500ಕ್ಕೂ ಹೆಚ್ಚು ಜಾತಿಯ ಕಪ್ಪೆ ಮತ್ತು ಅವುಗಳ ಬಳಗದ ಜೀವಿಗಳು ಕುಗ್ಗಿವೆ, ಅದರಲ್ಲಿ ಸುಮಾರು 90 ಜಾತಿ ಅಳಿದೇ ಹೋಗಿವೆ ಅಂತ 2019ರ ಅಧ್ಯಯನ ಹೇಳುತ್ತದೆ.

ಕಪ್ಪೆಯ ಮಾತು ಬಂದದ್ದಕ್ಕೆ ಇನ್ನೊಂದು ಹೇಳಿಬಿಡುತ್ತೇನೆ, ಪ್ರಶ್ನೆ ಕೇಳದಿದ್ದರೂ. ಉತ್ತರ ಕನ್ನಡದ ಕತ್ತಲೆಕಾನಿನ ಕಡೆಯ ತೊರೆಗಳಲ್ಲಿ ಕುಂಬಾರ ಕಪ್ಪೆ ಇದೆ. 2014ರಲ್ಲಿ ಕೆ.ವಿ. ಗುರುರಾಜ ಮತ್ತು ಜೊತೆಗಾರರು ಅದನ್ನು ಹೊಸ ಜಾತಿ ಅಂತ ವಿವರಿಸಿದರು. ಹೆಣ್ಣು ನೀರಿನ ಮೇಲೆ ಚಾಚಿದ ಕಡ್ಡಿಗೋ ಕಲ್ಲಿಗೋ ಮೊಟ್ಟೆ ಅಂಟಿಸಿ ಹೋಗಿಬಿಡುತ್ತದೆ. ಗಂಡು ಹಿಂಗಾಲ ಮೇಲೆ ನೆಟ್ಟಗೆ ನಿಂತು, ಮುಂಗೈಗಳಲ್ಲಿ ತೊರೆಯ ತಳದ ಕೆಸರು ಎತ್ತಿ ಮೊಟ್ಟೆಗಳಿಗೆ ಮೆತ್ತುತ್ತದೆ. ಮತ್ತೆ ಬಗ್ಗುತ್ತದೆ, ಮತ್ತೆ ಎತ್ತುತ್ತದೆ, ಮೊಟ್ಟೆ ಕಾಣದಂತೆ ಮುಚ್ಚುವವರೆಗೂ. ಮೊಟ್ಟೆ ಒಣಗದಿರಲಿ, ತಿನ್ನುವವರ ಕಣ್ಣಿಗೆ ಬೀಳದಿರಲಿ ಅಂತ ಇರಬೇಕು. ರಾತ್ರಿ ಟಾರ್ಚ್ ಹಿಡಿದು ತೊರೆಯಲ್ಲಿ ಗಂಟೆಗಟ್ಟಲೆ ಕಾದು ಕೂತವರಿಗೆ ಕಂಡದ್ದು ಇದು, ಯಾವ ದೊಡ್ಡ ಯಂತ್ರದಿಂದಲೂ ಅಲ್ಲ.

ಪ್ರಶ್ನೆ: 46,000 ವರ್ಷ ಮಂಜಿನಲ್ಲಿದ್ದ ಹುಳ ಎದ್ದು ಬಂತಂತೆ. ಮನುಷ್ಯರನ್ನೂ ಹೀಗೆ ಫ್ರೀಜ್ ಮಾಡಿ ಇಡಬಹುದಾ?
— ಓದುಗರು, ಪುಣೆ (ಮೂಲ ವಿಜಯಪುರ)

ಉತ್ತರ: ಹುಳದ್ದು ನಿಜ. ಸೈಬೀರಿಯಾದ ಕೊಲಿಮಾ ನದಿಯ ಹತ್ತಿರ, ಎಂದೂ ಕರಗದ ನೆಲದಲ್ಲಿ 40 ಮೀಟರ್ ಆಳದಲ್ಲಿ ಅಳಿಲೊಂದರ ಹಳೆಯ ಬಿಲ ಇತ್ತು. ಅಲ್ಲಿಯ ಮಣ್ಣಿನಲ್ಲಿದ್ದ ಕಣ್ಣಿಗೆ ಕಾಣದಷ್ಟು ಸಣ್ಣ ದುಂಡುಹುಳ, ಬೆಚ್ಚಗೆ ಮಾಡಿದಾಗ ಅಲ್ಲಾಡಿತು. ಅಷ್ಟೇ ಅಲ್ಲ, ಗಂಡಿನ ನೆರವಿಲ್ಲದೆ ಮರಿಗಳನ್ನೂ ಮಾಡಿತು. ವಯಸ್ಸು ಹುಳದ್ದೇ ಅಳೆದದ್ದಲ್ಲ, ಅದೇ ಬಿಲದಲ್ಲಿದ್ದ ಗಿಡದ ಚೂರುಗಳದ್ದು. ಅದಕ್ಕೇ ‘ಹುಳ ಆಮೇಲೆ ಸೇರಿಕೊಂಡಿರಬಹುದಲ್ಲ?’ ಅಂತ ಅನುಮಾನ ಪಡುವವರೂ ಇದ್ದಾರೆ. ಸಂಶೋಧಕರು ಇಲ್ಲ ಅನ್ನುತ್ತಾರೆ, ಆ ನೆಲ ಒಮ್ಮೆಯೂ ಕರಗಿಲ್ಲ ಅಂತ.

ಇಂಥ ಹುಳಗಳು ಹೆಪ್ಪುಗಟ್ಟುವ ಮುಂಚೆ ನಿಧಾನವಾಗಿ ಒಣಗಿ, ಟ್ರೆಹಲೋಸ್ ಅನ್ನುವ ಸಕ್ಕರೆಯನ್ನು ಮೈತುಂಬ ಮಾಡಿಟ್ಟುಕೊಳ್ಳುತ್ತವೆ. ಜೀವಕೋಶ ಒಡೆಯದಂತೆ ಅದು ಕಾಯುತ್ತದೆ. ನಮ್ಮ ದೇಹಕ್ಕೆ ಆ ಸಕ್ಕರೆ ಮಾಡಲು ಬರುವುದಿಲ್ಲ, ಒಣಗಿದರೆ ನಾವು ಉಳಿಯುವುದೂ ಇಲ್ಲ. ಹೆಪ್ಪುಗಟ್ಟಿದರೆ ಕೋಶದೊಳಗಿನ ನೀರು ಸೂಜಿಯಂಥ ಹರಳಾಗಿ ಎಲ್ಲವನ್ನೂ ಹರಿದುಹಾಕುತ್ತದೆ. ಭ್ರೂಣ, ವೀರ್ಯದಂಥ ಸಣ್ಣದನ್ನು ಹರಳು ಕಟ್ಟದ ದ್ರಾವಣ ಹಾಕಿ ಇಡುತ್ತಾರೆ, ಅದು ಆಸ್ಪತ್ರೆಗಳಲ್ಲಿ ದಿನವೂ ನಡೆಯುತ್ತದೆ. ಇಡೀ ಮನುಷ್ಯನನ್ನು ಹಾಗೆ ಇಟ್ಟು ಎಬ್ಬಿಸಿದವರು ಇಲ್ಲ. ದುಡ್ಡು ಕಟ್ಟಿಸಿಕೊಂಡು ಹೆಣ ಇಟ್ಟುಕೊಳ್ಳುವ ಕಂಪನಿಗಳು ಅಮೆರಿಕದಲ್ಲಿವೆ. ನಿಮ್ಮ ದುಡ್ಡು, ನಿಮ್ಮಿಷ್ಟ.

ಮುಂದಿನ ಸಂಚಿಕೆಗೆ ಪ್ರಶ್ನೆ ಕಳಿಸುವವರು, ಆ ಸುದ್ದಿಯನ್ನು ಎಲ್ಲಿ ಓದಿದಿರಿ ಅಂತಲೂ ಒಂದು ಸಾಲು ಬರೆಯಿರಿ. ಹುಡುಕುವ ಕೆಲಸ ನನಗೆ ಅರ್ಧ ಕಡಿಮೆಯಾಗುತ್ತದೆ.